ಬಿಲ್ಲಿನ ಬೇಟೆಯೂ ಸಂಕಲ್ಪೀ ಹಿಂಸೆಯೂ

ಬೇಟೆಯನ್ನು ಕುರಿತು ಜೈನ ಪತ್ರಿಕೆಯೊಂದರಲ್ಲಿ ಬರೆಯುವ ಅಗತ್ಯವೇನು ಎಂದು ಕೆಲವು ಬಂಧುಗಳಿಗೆ ಅನ್ನಿಸಬಹುದು. ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿ, ಶ್ರಾವಕನಾದವನು ವ್ರತಗಳನ್ನು ಸ್ವೀಕರಿಸುವುದಕ್ಕೂ ಮೊದಲೇ ತೊರೆದಿರಬೇಕೆಂದು ಆಚಾರ್ಯರು ವಿಧಿಸಿರುವ ವಿಷಯದಲ್ಲಿ ಚರ್ಚೆಗೆ ಎಡೆಯೆಲ್ಲಿ? ನಮ್ಮ ಮನೆಗಳಲ್ಲಿ ಬಿಲ್ಲು ಹಿಡಿದು ಕಾಡಿಗೆ ಹೊರಡುವವರೂ ಇಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಇಂದಿನ ಬೇಟೆಗಾರನು ವ್ಯಸನಿಯ ಭಾಷೆಯಲ್ಲಿ ಮಾತನಾಡುವುದಿಲ್ಲ. ಕರ್ತವ್ಯದ, ಪರಿಸರ ರಕ್ಷಣೆಯ, ನ್ಯಾಯದ, ಅಷ್ಟೇಕೆ, ಸಂಯಮದ ಭಾಷೆಯಲ್ಲಿ ಮಾತನಾಡುತ್ತಾನೆ. ಆತನ ಮಾತುಗಳಲ್ಲಿ ಕೆಲವು ನಿಜವೂ ಆಗಿವೆ. ನಿಜವಾದ ಮಾತುಗಳನ್ನೇ ಜೋಡಿಸಿ ಕಟ್ಟಿದ ವಾದವೊಂದು ಸಲ್ಲದ ತೀರ್ಮಾನಕ್ಕೆ ಹೇಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಪರಿಶೀಲಿಸುವುದೂ ಸ್ವಾಧ್ಯಾಯದ ಒಂದು ಅಂಗವೆಂದು ನಾನು ತಿಳಿದಿದ್ದೇನೆ.

ಇದಕ್ಕೆ ಉದಾಹರಣೆಯಾಗಿ ಆಸ್ಟ್ರೇಲಿಯಾದ ಉತ್ತರ ಪ್ರಾಂತದಲ್ಲಿ ನಡೆಯುವ ಕೋಣಗಳ ಬಿಲ್ಲುಬೇಟೆಯನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿಗೆ ಅಮೆರಿಕ, ಯೂರೋಪುಗಳಿಂದ ಹಣವಂತರು ವಿಮಾನವೇರಿ ಬಂದು, ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ಒಂದು ವಾರ ಡೇರೆಯಲ್ಲಿದ್ದು, ಒಂದು ಕೋಣವನ್ನು ಬಾಣದಿಂದ ಕೊಂದು, ಅದರ ಕೊಂಬಿನೊಡನೆ ಮನೆಗೆ ಮರಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಕಾಡುಕೋಣವೆಂದರೆ ಕಾಟಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ನಮ್ಮ ಕೆರೆಗಳಲ್ಲಿ ಮೈಯದ್ದಿ ಮಲಗುವ ಎಮ್ಮೆಯ ಬಳಗವೇ ಇದು.

ಎಮ್ಮೆ ಆ ಖಂಡದ ಮೂಲಪ್ರಾಣಿಯಲ್ಲ. 1820ರ ದಶಕದಿಂದ 1840ರ ದಶಕದವರೆಗೆ ಬ್ರಿಟಿಷರು ಮೆಲ್ವಿಲ್ ದ್ವೀಪದಲ್ಲಿಯೂ ಕೋಬರ್ಗ್ ಪರ್ಯಾಯದ್ವೀಪದಲ್ಲಿಯೂ ಸಣ್ಣ ಸಣ್ಣ ನೆಲೆಗಳನ್ನು ಸ್ಥಾಪಿಸಿ, ಅಲ್ಲಿಯ ಸಿಪಾಯಿಗಳ ಆಹಾರಕ್ಕೂ ದುಡಿಮೆಗೂ ತಿಮೋರ್ ಮೊದಲಾದ ದ್ವೀಪಗಳಿಂದ ಕೆಲವು ಹತ್ತು ಎಮ್ಮೆಗಳನ್ನು ಹಡಗಿನಲ್ಲಿ ತರಿಸಿದರು. ನೆಲೆಗಳು ನಿಲ್ಲಲಿಲ್ಲ. ಕೊನೆಯದಾದ ಪೋರ್ಟ್ ಎಸಿಂಗ್ಟನ್ನನ್ನು 1849ರಲ್ಲಿ ಬಿಟ್ಟುಹೋಗುವಾಗ ಎಮ್ಮೆಗಳನ್ನೂ ಬಿಟ್ಟುಹೋದರು. ಹಾಗೆ ಬಿಟ್ಟ ಸಾಕುಪ್ರಾಣಿಗಳ ಸಂತತಿಯೇ ಇಂದಿನ ‘ಕಾಡು’ ಎಮ್ಮೆ. 1880ರ ದಶಕದಿಂದ 1950ರ ದಶಕದವರೆಗೆ ಅವುಗಳ ತೊಗಲಿನ ವ್ಯಾಪಾರ ನಡೆಯಿತು. ಅದಕ್ಕಾಗಿ ಕುದುರೆಯೇರಿ ಅಟ್ಟಿ ಕೊಂದರು. ತೊಗಲಿನ ಬೆಲೆ ಬಿದ್ದ ಮೇಲೆ ಹಿಂಡು ಬೆಳೆಯಿತು. 1980ರ ದಶಕದ ಹೊತ್ತಿಗೆ ಮೂರು ಲಕ್ಷವನ್ನು ಮೀರಿತ್ತು. ಅಷ್ಟರಲ್ಲಿ ದನಗಳ ಕ್ಷಯರೋಗವನ್ನು ನಿರ್ಮೂಲಗೊಳಿಸುವ ಸರಕಾರಿ ಕಾರ್ಯಕ್ರಮವೊಂದು 1970ರಲ್ಲಿ ಆರಂಭವಾಗಿತ್ತು. 1997ರವರೆಗೆ ನಡೆದ ಆ ಕಾರ್ಯಕ್ರಮದಲ್ಲಿ ಎಮ್ಮೆಗಳನ್ನು ಹಿಡಿದು ಕಸಾಯಿಖಾನೆಗೆ ಕಳುಹಿಸಿದರು. ಹಿಡಿಯಲಾಗದವನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು ಕೊಂದರು. ಅನಂತರ ಉಳಿದವು ಮತ್ತೆ ವೃದ್ಧಿಯಾದವು. 2014ರ ವೈಮಾನಿಕ ಗಣತಿಯಲ್ಲಿ ಆರ್ನ್‌ಹೆಮ್ ಲ್ಯಾಂಡ್ ಎಂಬ ಪ್ರದೇಶವೊಂದರಲ್ಲಿಯೇ ಸಂಖ್ಯೆ ಒಂದು ಲಕ್ಷದ ಸಮೀಪಕ್ಕೆ ಬಂದಿತ್ತು.

ಮನುಷ್ಯನು ತನ್ನ ಅನುಕೂಲಕ್ಕೆ ತಂದು, ಅನುಕೂಲ ತೀರಿದ ಮೇಲೆ ಬಿಟ್ಟು, ಬಿಟ್ಟದ್ದು ಬದುಕಿಕೊಂಡಿತೆಂಬ ಕಾರಣಕ್ಕೆ ಅದನ್ನು ‘ಪೀಡೆ’ ಎಂಬ ಪಟ್ಟಿಗೆ ಸೇರಿಸಿದನು. ಮೂಲ ಕಾಡೆಮ್ಮೆ ಇರುವುದು ನಮ್ಮ ದೇಶದ ಅಸ್ಸಾಮಿನಲ್ಲಿ, ಛತ್ತೀಸಗಢದಲ್ಲಿ, ನೆರೆಯ ಕೆಲವು ನಾಡುಗಳಲ್ಲಿ. ಅದು ಅಳಿವಿನಂಚಿನ ಪ್ರಾಣಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ಒಂದೇ ಕುಲದ ಜೀವ ಒಂದು ಕಡೆ ಕಾಯಿದೆಯ ಮಡಿಲಲ್ಲಿ, ಇನ್ನೊಂದು ಕಡೆ ದರಪಟ್ಟಿಯಲ್ಲಿ. ಜೀವದ ಬೆಲೆಯನ್ನು ಸಂಖ್ಯೆಯಿಂದ ಕಟ್ಟುವ ಲೋಕಕ್ಕೆ ಇದರಲ್ಲಿ ವಿರೋಧಾಭಾಸ ಕಾಣದು. ಕೋಣಕ್ಕೆ ಮಾತ್ರ ತಾನು ಯಾವ ಪಟ್ಟಿಯಲ್ಲಿದ್ದೇನೆಂಬುದು ತಿಳಿಯದು.

ಈಗ ಬೇಟೆಗಾರನ ಪಕ್ಷವನ್ನು ಅದರ ಪೂರ್ಣಬಲದೊಂದಿಗೆ ಮುಂದಿಡಬೇಕು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಖಂಡಿಸುವುದು ನಮ್ಮ ನೈಯಾಯಿಕ ಪರಂಪರೆಗೆ ಶೋಭೆಯಲ್ಲ. ಎಮ್ಮೆಯಿಂದ ಆ ನೆಲಕ್ಕೆ ಹಾನಿಯಾಗುತ್ತಿರುವುದು ದಿಟ. ಅಲ್ಲಿಯ ಬಯಲುಗಳು ಸಮುದ್ರಮಟ್ಟಕ್ಕಿಂತ ಬಹಳ ಎತ್ತರದಲ್ಲಿಲ್ಲ. ಸಿಹಿನೀರಿನ ಜೌಗಿಗೂ ಉಬ್ಬರವಿಳಿತದ ಉಪ್ಪುನೀರಿನ ಕಾಲುವೆಗಳಿಗೂ ನಡುವೆ ಇರುವ ತೆಳುವಾದ ಮಣ್ಣಿನ ಏರಿಗಳನ್ನು ಎಮ್ಮೆಗಳ ಓಡಾಟ ಒಡೆಯುತ್ತದೆ. ಉಪ್ಪುನೀರು ಒಳನುಗ್ಗಿ ಪೇಪರ್‌ಬಾರ್ಕ್ ಎಂಬ ಮರಗಳ ತೋಪುಗಳು ನಿಂತಲ್ಲೇ ಒಣಗಿವೆ. ಮೇರಿ ನದಿಯ ಬಯಲಿನಲ್ಲಿ, 1979ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಕಡುವಿನಲ್ಲಿ ಇದು ಕಂಡುಬಂದ ಸಂಗತಿ. ಮರ ಸತ್ತರೆ ಅದನ್ನಾಶ್ರಯಿಸಿದ ಹಕ್ಕಿ, ಮೀನು, ಆಮೆ ಎಲ್ಲಕ್ಕೂ ಕುತ್ತು. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವವನ್ನು ಎಣಿಸುವ ನಾವು ಈ ಹಾನಿಯನ್ನು ಹಗುರಾಗಿ ಕಾಣುವಂತಿಲ್ಲ.

ಎರಡನೆಯ ಮಾತು ಆ ನೆಲದ ಒಡೆಯರದು. 1976ರ ಮೂಲನಿವಾಸಿಗಳ ಭೂಹಕ್ಕು ಕಾಯಿದೆಯಿಂದ ಆರ್ನ್‌ಹೆಮ್ ಲ್ಯಾಂಡ್ ಅಲ್ಲಿಯ ಮೂಲನಿವಾಸಿಗಳ ಒಡೆತನದಲ್ಲಿದೆ. ಬೇಟೆಯ ಸಂಸ್ಥೆಗಳು ಅವರ ಅನುಮತಿ ಪಡೆದು, ಅವರಿಗೆ ಹಣ ತೆತ್ತು ಒಳಹೋಗಬೇಕು. ಬೇರೆ ಉತ್ಪನ್ನ ವಿರಳವಾದ ಆ ಸೀಮೆಯಲ್ಲಿ ಇದು ಒಂದು ವರಮಾನ. ಆ ಜನರು ತಾವೂ ಎಮ್ಮೆಯ ಮಾಂಸವನ್ನು ಉಣ್ಣುವವರು. ಬೇಟೆಗಾರನು ಹೇಳುತ್ತಾನೆ: ‘ನಾನು ಬಾರದಿದ್ದರೆ ಹೆಲಿಕಾಪ್ಟರು ಬರುತ್ತದೆ. ಹೇಗೂ ಸಾಯಬೇಕಾದ ಪ್ರಾಣಿಯನ್ನು ನಾನು ಹಣ ಕೊಟ್ಟು ಕೊಲ್ಲುತ್ತೇನೆ. ಆ ಹಣ ಬಡವರಿಗೆ ಸೇರುತ್ತದೆ. ನಿಮಗೇಕೆ ನೋವು?’

ಈ ಮಾತಿಗೆ ಉತ್ತರ ಕೊಡುವ ಮುನ್ನ ಬೇಟೆಯ ವಿಧಾನವನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕಾಗುತ್ತದೆ. ಬೆಳೆದ ಗಂಡುಕೋಣ ಏಳು-ಎಂಟು ನೂರು ಕಿಲೋ ತೂಗುತ್ತದೆ. ಇನ್ನೂ ಹೆಚ್ಚು ತೂಗುವುದುಂಟು. ದಪ್ಪ ಚರ್ಮ, ಅದರ ಮೇಲೆ ಒಣಗಿದ ಕೆಸರಿನ ಪದರ, ಒಳಗೆ ಅಗಲವಾದ ಪಕ್ಕೆಲುಬುಗಳು. ಬೇಟೆಗಾರನ ಬಿಲ್ಲು ನಮ್ಮ ಪುರಾಣಚಿತ್ರಗಳ ಬಿಲ್ಲಲ್ಲ. ತುದಿಗಳಲ್ಲಿ ರಾಟೆಗಳಿದ್ದು, ಎಳೆದು ಹಿಡಿದಾಗ ಭಾರವನ್ನು ತಾನೇ ಬಹುಮಟ್ಟಿಗೆ ಹೊತ್ತುಕೊಳ್ಳುವ ಯಂತ್ರ. ಅಮೆರಿಕದ ಹೋಲೆಸ್ ವಿಲ್ಬರ್ ಆಲನ್ ಎಂಬಾತ ಇದಕ್ಕೆ 1969ರಲ್ಲಿ ಪೇಟೆಂಟ್ ಪಡೆದನು. ಬಾಣದ ತುದಿಯಲ್ಲಿ ಕ್ಷೌರದ ಕತ್ತಿಯಂತಹ ಅಲಗು. ಅಷ್ಟಾದರೂ ಬಂದೂಕಿನ ಗುಂಡು ಸೆಕೆಂಡಿಗೆ ಏಳು ನೂರು ಮೀಟರು ಹೋಗುವಲ್ಲಿ ಈ ಭಾರವಾದ ಬಾಣ ಹೋಗುವುದು ಎಪ್ಪತ್ತು-ಎಂಬತ್ತು ಮೀಟರು. ಆದ್ದರಿಂದ ಗಾಳಿಯ ದಿಕ್ಕನ್ನು ನೋಡಿಕೊಂಡು, ಹುಲ್ಲಿನಲ್ಲಿ ತೆವಳಿ, ಇಪ್ಪತ್ತು-ಮೂವತ್ತು ಮೀಟರಿನಷ್ಟು ಸಮೀಪಕ್ಕೆ ಬರಬೇಕು. ಬೆನ್ನ ಹಿಂದೆ ಮಾರ್ಗದರ್ಶಿಯು ದೊಡ್ಡ ಬಂದೂಕನ್ನು ಹಿಡಿದು ನಿಂತಿರುತ್ತಾನೆ. ಕೋಣ ತಿರುಗಿ ಬಿದ್ದರೆ ಗಿರಾಕಿಯ ಪ್ರಾಣವನ್ನು ಉಳಿಸಬೇಕಲ್ಲ.

ಗುಂಡು ತನ್ನ ಆಘಾತದಿಂದ ಕೆಡಹುತ್ತದೆ. ಬಾಣಕ್ಕೆ ಆ ಆಘಾತವಿಲ್ಲ. ಅದು ಕೊಯ್ಯುತ್ತದೆ, ರಕ್ತ ಸೋರಿ ಪ್ರಾಣಿ ಸಾಯುತ್ತದೆ. ಎರಡು ಶ್ವಾಸಕೋಶಗಳನ್ನೂ ಭೇದಿಸಿದರೆ ಅಲ್ಪಕಾಲದಲ್ಲಿ ಬೀಳಬಹುದು. ಬಾಣ ಹೆಗಲಿನ ಎಲುಬಿಗೆ ತಾಗಿದರೆ ಅಥವಾ ಹೊಟ್ಟೆಗೆ ನಾಟಿದರೆ ಗಂಟೆಗಳು, ಕೆಲವೊಮ್ಮೆ ದಿನಗಳು. ಬಿಲ್ಲುಗಾರರೇ ಬರೆದ ಪುಸ್ತಕಗಳಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಅವರಲ್ಲಿ ಪ್ರಾಮಾಣಿಕರಾದವರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ, ಖಚಿತವಿಲ್ಲದ ಗುರಿಗೆ ಬಾಣ ಬಿಡದೆ ಬರಿಗೈಯಲ್ಲಿ ಮರಳುತ್ತಾರೆ. ಆ ಸಂಯಮವನ್ನು ನಾನು ಅಲ್ಲಗಳೆಯಲಾರೆ. ಆದರೂ ಬ್ರಿಟನ್ನಿನವರು 1981ರ ತಮ್ಮ ವನ್ಯಜೀವಿ ಕಾಯಿದೆಯಲ್ಲಿ ಯಾವ ಕಾಡುಪ್ರಾಣಿಯನ್ನು ಕೊಲ್ಲುವುದಕ್ಕೂ ಬಿಲ್ಲನ್ನು ಬಳಸಬಾರದೆಂದು ನಿಷೇಧಿಸಿದರು. ಅವರು ಅಹಿಂಸಾವ್ರತಿಗಳೇನಲ್ಲ, ಬಂದೂಕಿನ ಬೇಟೆ ಅಲ್ಲಿ ಇಂದಿಗೂ ಇದೆ.

ಇಲ್ಲಿಯೇ ಬೇಟೆಗಾರನ ವಾದ ಸೀಳುತ್ತದೆ ಎಂದು ನನ್ನ ಅಭಿಪ್ರಾಯ. ನೆಲವನ್ನು ಉಳಿಸುವುದು ಉದ್ದೇಶವಾದರೆ ಅದಕ್ಕೆ ತಕ್ಕ ಸಾಧನವೆಂದರೆ ಅತ್ಯಂತ ಖಚಿತವಾದದ್ದು, ಅತ್ಯಂತ ಶೀಘ್ರವಾದದ್ದು. ಅದನ್ನು ಬೇಕೆಂದೇ ಬದಿಗಿಟ್ಟು, ಗುರಿ ತಪ್ಪುವ ಸಂಭವ ಹೆಚ್ಚಿರುವ, ಸಾವು ನಿಧಾನವಾಗುವ ಸಾಧನವನ್ನು ಆರಿಸಿಕೊಂಡವನು ನೆಲವನ್ನು ಉಳಿಸಲು ಬಂದವನಲ್ಲ. ಬಿಲ್ಲನ್ನು ಆತ ಆರಿಸಿದ್ದು ಅದು ಕಷ್ಟವೆಂಬ ಕಾರಣಕ್ಕೆ. ಆ ಕಷ್ಟದಲ್ಲಿಯೇ ಆತನಿಗೆ ಸುಖ. ಆದರೆ ಕಷ್ಟವನ್ನು ಆರಿಸಿಕೊಂಡವನು ಒಬ್ಬ, ಅದರ ಬೆಲೆಯನ್ನು ತೆರುವುದು ಇನ್ನೊಬ್ಬ. ಬೆಟ್ಟವೇರುವವನು ಹಗ್ಗವಿಲ್ಲದೆ ಏರಿದರೆ ಬೀಳುವವನು ತಾನೇ. ಬಿಲ್ಲುಗಾರನ ಕೈ ನಡುಗಿದರೆ ಹೊಟ್ಟೆಯಲ್ಲಿ ಅಲಗನ್ನು ಹೊತ್ತು ಜೌಗಿನಲ್ಲಿ ನಿಲ್ಲುವುದು ಕೋಣ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಬೇಟೆಗಾರನು ಕೇಳುವುದು ಮುದಿಯಾದ, ಕೊಂಬು ದೊಡ್ಡದಾದ ಗಂಡುಕೋಣವನ್ನು. ಹಿಂಡು ಬೆಳೆಯುವುದು ಹೆಣ್ಣೆಮ್ಮೆಗಳಿಂದ. ಕೆಲವು ಮುದಿಗಂಡುಗಳನ್ನು ಕೊಂದರೆ ಹಿಂಡಿನ ಸಂಖ್ಯೆ ಕುಗ್ಗದು. ಪಶುಪಾಲನೆಯನ್ನು ಬಲ್ಲ ಯಾವ ರೈತನಿಗಾದರೂ ಇದು ತಿಳಿದ ಲೆಕ್ಕ. ಹಿಂಡು ಕುಗ್ಗಿಹೋದರೆ ಬೇಟೆಯ ಸಂಸ್ಥೆಗೆ ಮುಂದಿನ ವರ್ಷ ಮಾರಲು ಏನಿರುತ್ತದೆ? ವ್ಯಾಪಾರದಲ್ಲಿ ನಲವತ್ತು ವರ್ಷ ಕಳೆದವನಾಗಿ ಹೇಳುತ್ತೇನೆ, ತನ್ನ ಸರಕು ಮುಗಿದುಹೋಗಲೆಂದು ಹಾರೈಸುವ ವರ್ತಕನನ್ನು ನಾನು ಕಂಡಿಲ್ಲ. ಪೀಡೆಯನ್ನು ಕಳೆಯುವವನೆಂದು ಹೇಳಿಕೊಳ್ಳುವವನ ಜೀವನೋಪಾಯ ಆ ಪೀಡೆಯ ಉಳಿವಿನಲ್ಲಿದೆ.

ಇವರ ಕ್ರೀಡೆಗೆ ಒಂದು ಚರಿತ್ರೆಯಿದೆ. ಅದು ನನ್ನನ್ನು ಬಹುಕಾಲ ಕಾಡಿದ್ದರಿಂದ ಇಲ್ಲಿ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯಾಹಿ ಎಂಬ ಒಂದು ಸಣ್ಣ ಜನಾಂಗವಿತ್ತು. ಚಿನ್ನದ ಆಸೆಗೆ ಬಂದ ಬಿಳಿಯರು ಅವರನ್ನು ಹುಡುಕಿ ಹುಡುಕಿ ಕೊಂದರು. ಉಳಿದ ಕೊನೆಯ ಒಬ್ಬನು ಹಸಿವಿನಿಂದ ಕಂಗೆಟ್ಟು 1911ರಲ್ಲಿ ಓರೊವಿಲ್ ಎಂಬ ಊರಿನ ಬಳಿ ಕಾಣಿಸಿಕೊಂಡನು. ಅವನನ್ನು ಇಷಿ ಎಂದು ಕರೆದರು; ಆ ಪದಕ್ಕೆ ಅವನ ಭಾಷೆಯಲ್ಲಿ ಮನುಷ್ಯನೆಂದಷ್ಟೇ ಅರ್ಥ. ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿ ಅವನನ್ನು ಇರಿಸಿದರು. ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯನು ಅವನಿಂದ ಬಿಲ್ಲು ಮಾಡುವುದನ್ನೂ ಬಾಣ ಬಿಡುವುದನ್ನೂ ಕಲಿತನು. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡನು. ಪೋಪ್ 1923ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಿಲ್ಲುಬೇಟೆಯು ಅನುಕೂಲಸ್ಥರ ಕ್ರೀಡೆಯಾಗಿ ಹರಡಿತು. ಇಷಿಗೆ ಬಿಲ್ಲು ಹೊಟ್ಟೆಯ ಸಾಧನವಾಗಿತ್ತು. ಅವನ ಬಳಿ ಅದಕ್ಕಿಂತ ಮೇಲಾದ ಸಾಧನವಿರಲಿಲ್ಲ. ಅವನ ಶಿಷ್ಯರ ಬಳಿ ಇತ್ತು. ಇದ್ದೂ ಬಿಲ್ಲನ್ನು ಹಿಡಿದರು. ಕೈಯಲ್ಲಿರುವ ವಸ್ತು ಒಂದೇ, ಕ್ರಿಯೆಯೂ ಒಂದೇ. ಭಾವ ಮಾತ್ರ ಬೇರೆ.

ಭಾವವೆಂದೊಡನೆ ನಾವು ಶಾಸ್ತ್ರದ ಅಂಗಳಕ್ಕೆ ಬಂದೆವು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣವೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಅದರ ಹಿಂದಿನ ಪ್ರಮತ್ತಯೋಗವನ್ನು ಮುಂದಿಟ್ಟರು. ಅನಂತರ ಬಂದ ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ವಿಂಗಡಿಸುವುದು ವಾಚಕರಿಗೆ ತಿಳಿದದ್ದೇ. ಮೊದಲ ಮೂರನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರ, ಮಿತಗೊಳಿಸಬಲ್ಲ. ಒಲೆ ಹೊತ್ತಿಸಬೇಕು, ಹೊಲ ಉಳಬೇಕು, ಊರನ್ನು ಕಾಯಬೇಕು. ನಾಲ್ಕನೆಯದು ಮಾತ್ರ ಅವನಿಗೆ ಸರ್ವಥಾ ವರ್ಜ್ಯ.

ಕಾಕಡುವಿನ ಅರಣ್ಯಾಧಿಕಾರಿಯೊಬ್ಬನು ಬೇರೆ ದಾರಿ ಕಾಣದೆ ಒಂದು ಎಮ್ಮೆಯನ್ನು ಗುಂಡಿಟ್ಟು ಕೊಂದನೆಂದು ಇಟ್ಟುಕೊಳ್ಳಿ. ಅದು ಹಿಂಸೆಯೇ. ಒಂದನ್ನು ಕೊಂದರೆ ಹಲವನ್ನು ಉಳಿಸಿದಂತಾಗುವುದೆಂಬ ನ್ಯಾಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನೇರವಾಗಿ ಎತ್ತಿಕೊಂಡು ತಿರಸ್ಕರಿಸಿದ್ದಾರೆ. ನರಳುವ ಪ್ರಾಣಿಯನ್ನು ಬೇಗ ಕೊಂದು ದುಃಖ ತಪ್ಪಿಸುತ್ತೇವೆಂಬ ವಾದವನ್ನೂ ಅವರು ಒಪ್ಪಿಲ್ಲ. ಸಾವಿರ ವರ್ಷದ ಹಿಂದಿನ ಈ ಪ್ರಶ್ನೋತ್ತರವನ್ನು ಓದುವಾಗ ಆಧುನಿಕವೆಂದು ನಾವು ಭಾವಿಸುವ ಎಷ್ಟೋ ತರ್ಕಗಳು ಹಳೆಯವೆಂದು ಮನದಟ್ಟಾಗುತ್ತದೆ. ಆದ್ದರಿಂದ ಆ ಅಧಿಕಾರಿಯ ಕೃತ್ಯವನ್ನು ನಾವು ಪುಣ್ಯವೆನ್ನಲಾರೆವು. ಆದರೆ ಅವನಲ್ಲಿ ಕೊಲ್ಲಬೇಕೆಂಬ ಬಯಕೆ ಇಲ್ಲದಿರಬಹುದು. ನಾಳೆ ಬೇಲಿಯಿಂದಲೋ ಸಂತಾನನಿಯಂತ್ರಣದಿಂದಲೋ ಕೆಲಸವಾಗುತ್ತದೆಂದು ಯಾರಾದರೂ ತೋರಿಸಿಕೊಟ್ಟರೆ ಆತ ಬಂದೂಕನ್ನು ಕೆಳಗಿಟ್ಟು ನೆಮ್ಮದಿಪಟ್ಟಾನು. ಬಿಲ್ಲು ಹಿಡಿದು ಬಂದ ಗಿರಾಕಿಗೆ ಅದೇ ಸುದ್ದಿಯನ್ನು ಹೇಳಿ ನೋಡಿ. ಆತ ಮುಂಗಡವನ್ನು ಮರಳಿ ಕೇಳುತ್ತಾನೆ. ಸಂಕಲ್ಪವನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ನನಗೆ ತೋರದು: ಕೊಲ್ಲುವ ಅಗತ್ಯ ತಪ್ಪಿತೆಂದಾಗ ಮನಸ್ಸಿಗೆ ಆಗುವುದು ಸಮಾಧಾನವೋ, ನಿರಾಶೆಯೋ?

ನಮ್ಮ ಕನ್ನಡದ ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆ ಯಾವ ಜೈನ ಮನೆಗೂ ಅಪರಿಚಿತವಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೊಂದೇ ತಾಯಿಮಕ್ಕಳನ್ನು ಜನ್ಮದಿಂದ ಜನ್ಮಕ್ಕೆ ಅಟ್ಟಿತು. ಆ ಭವಾವಳಿಯಲ್ಲಿ ತಾಯಿ ಚಂದ್ರಮತಿಯ ಒಂದು ಜನ್ಮ ಕೋಣದ್ದು. ಹಿಟ್ಟಿನ ಕೋಳಿಯ ಮಾತನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳುತ್ತೇವೆ. ಕಥೆಯ ಕೊನೆಯ ಭಾಗದ ಬಾಣದ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಇಬ್ಬರೂ ಕೋಳಿಗಳಾಗಿ ಹುಟ್ಟಿ, ಮುನಿಯ ಮಾತಿನಿಂದ ಹಿಂದಿನ ಭವಗಳನ್ನು ಅರಿತು, ಸಂತೋಷದಿಂದ ಕೂಗುತ್ತಾರೆ. ಆ ಕೂಗು ದೊರೆ ಯಶೋಮತಿಯ ಕಿವಿಗೆ ಬೀಳುತ್ತದೆ. ಬಳಿಯಲ್ಲಿದ್ದ ರಾಣಿಗೆ ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಬೇಕೆಂಬ ಹಂಬಲದಿಂದ ಆತ ಬಾಣ ಬಿಡುತ್ತಾನೆ, ಎರಡೂ ಸಾಯುತ್ತವೆ. ಹಸಿವೆಯಿಲ್ಲ, ದ್ವೇಷವಿಲ್ಲ, ದೇವರ ಹರಕೆಯೂ ಇಲ್ಲ. ಸತ್ತವರು ತನ್ನ ತಂದೆ ಮತ್ತು ಅಜ್ಜಿ ಎಂಬುದು ಅವನಿಗೆ ತಿಳಿಯದು. ಕೌಶಲ್ಯದ ಪ್ರದರ್ಶನ, ಅಷ್ಟೆ. ಕೋಣದ ತಲೆಯನ್ನು ಮನೆಯ ಗೋಡೆಗೆ ತೂಗುಹಾಕಿ ಅತಿಥಿಗಳಿಗೆ ‘ಇದು ಬಂದೂಕಿನದಲ್ಲ, ಬಿಲ್ಲಿನದು’ ಎಂದು ಹೇಳುವವನಿಗೂ ಆ ದೊರೆಗೂ ನಡುವೆ ಸಮುದ್ರವೊಂದನ್ನು ಬಿಟ್ಟು ಬೇರೇನು ಅಂತರವಿದೆ?

ಇಂತಹ ಪ್ರವಾಸಗಳ ಕರಾರಿನಲ್ಲಿ ಸಾಮಾನ್ಯವಾಗಿ ಇರುವ ಒಂದು ಕಲಮನ್ನು ವಾಚಕರ ಗಮನಕ್ಕೆ ತರಬೇಕು. ಬಾಣ ತಾಗಿ ರಕ್ತ ಕಂಡರೆ, ಪ್ರಾಣಿ ಸಿಗದೆ ಹೋದರೂ ಅದನ್ನು ಕೊಂದದ್ದೆಂದೇ ಲೆಕ್ಕಹಾಕಿ ಪೂರ್ಣ ಶುಲ್ಕವನ್ನು ವಸೂಲು ಮಾಡಲಾಗುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದು ನ್ಯಾಯವಾದ ಕಲಮೇ. ಗಾಯಗೊಂಡ ಕೋಣ ಎಲ್ಲೋ ಪೊದೆಯಲ್ಲಿ ಸತ್ತು ಸಂಸ್ಥೆಗೆ ನಷ್ಟವಾಗುತ್ತದಲ್ಲ! ಗಾಯಕ್ಕೂ ಕೊಲೆಗೂ ಭೇದವಿಲ್ಲವೆಂದು ಅವರ ಖಾತೆಪುಸ್ತಕವೇ ಒಪ್ಪಿಕೊಂಡಂತಾಯಿತು. ಗುರಿ ತಪ್ಪಿ ಮಣ್ಣಿಗೆ ನಾಟಿದ ಬಾಣಕ್ಕೆ ಮಾತ್ರ ಅವರಲ್ಲಿ ಶುಲ್ಕವಿಲ್ಲ. ದಿನವಿಡೀ ಬಲೆ ಬೀಸಿ ಒಂದು ಮೀನನ್ನೂ ಹಿಡಿಯದ ಬೆಸ್ತನೂ, ಉಳುವಾಗ ಸಾವಿರ ಕ್ರಿಮಿಗಳು ಸತ್ತರೂ ಕೊಲ್ಲುವ ಬಯಕೆಯಿಲ್ಲದ ರೈತನೂ ಒಂದೇ ಅಲ್ಲವೆಂದು ಹೇಳುವ ನಮ್ಮ ಆಚಾರ್ಯರ ಲೆಕ್ಕದಲ್ಲಿ ಆ ಬಾಣಕ್ಕೂ ಒಂದು ಸಾಲಿದೆ.

ಈಗ ‘ಮಾರ್ಗದರ್ಶಿ ಸಹಿತ’ ಎಂಬ ವಿಶೇಷಣದ ಕಡೆಗೆ ಬರೋಣ. ಹಿಂದೆ ಬೇಟೆಗಾರ ತಾನೇ ಕಾಡನ್ನು ಅರಿಯಬೇಕಿತ್ತು. ಇಂದು ಕಾಡನ್ನರಿತವನು ಒಬ್ಬ, ಕೋಣವನ್ನು ಹುಡುಕಿಕೊಡುವವನು ಒಬ್ಬ, ತಲೆಯನ್ನು ಗೋಡೆಗೆ ಸಿದ್ಧಗೊಳಿಸುವವನು ಇನ್ನೊಬ್ಬ, ಹಣ ಕೊಟ್ಟು ಬಾಣ ಬಿಡುವವನು ಮತ್ತೊಬ್ಬ. ಒಂದು ಕೊಲೆಯನ್ನು ಹಲವು ಕೈಗಳಿಗೆ ಹಂಚಿದರೆ ಪ್ರತಿಯೊಬ್ಬನ ಪಾಲಿಗೆ ಬರುವುದು ಸ್ವಲ್ಪವೆಂದು ಲೋಕ ಭಾವಿಸುತ್ತದೆ. ಜೈನ ಕರ್ಮಸಿದ್ಧಾಂತದಲ್ಲಿ ಈ ಭಾಗಾಕಾರವಿಲ್ಲ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ನಾಲ್ಕು ಕಷಾಯಗಳು. ಗುಣಿಸಿದರೆ 108. ಅಲ್ಲಿ ಗುಣಾಕಾರವೇ ಇರುವುದು. ವರ್ಷದ ಮೊದಲೇ ಪತ್ರ ಬರೆದು ದಿನ ಗೊತ್ತುಮಾಡುವುದು ಸಂರಂಭ; ಬಿಲ್ಲಿನ ತೂಕ, ಬಾಣದ ಅಲಗು, ವಿಮಾನದ ಟಿಕೆಟ್ಟುಗಳನ್ನು ಕೂಡಿಸುವುದು ಸಮಾರಂಭ; ಕೆಸರಿನಲ್ಲಿ ಮೊಣಕಾಲೂರಿ ಹೆದೆಯೆಳೆಯುವ ಕ್ಷಣ ಆರಂಭ. ಸಮಂತಭದ್ರರು ಅನರ್ಥದಂಡದಲ್ಲಿ ಎಣಿಸಿದ ಪಾಪೋಪದೇಶ, ಹಿಂಸಾದಾನಗಳೆರಡೂ ಮಾರ್ಗದರ್ಶಿಯ ದಿನಗೂಲಿಯಲ್ಲಿ ಅಡಗಿವೆ.

ಇದನ್ನು ಓದುತ್ತ ನಾವು ತೃಪ್ತಿಯಿಂದ ಕುಳಿತುಕೊಳ್ಳುವಂತಿಲ್ಲ. ಜಗತ್ತಿಗೆ ಎಮ್ಮೆಯ ಮಾಂಸವನ್ನು ರಫ್ತು ಮಾಡುವ ದೇಶಗಳಲ್ಲಿ ನಮ್ಮ ದೇಶ ಮುಂಚೂಣಿಯಲ್ಲಿದೆ. ಆ ಮಾಂಸ ಆಕಾಶದಿಂದ ಇಳಿದದ್ದಲ್ಲ. ಹಾಲು ಬತ್ತಿದ ಎಮ್ಮೆಗಳು, ಹಾಲು ಕೊಡದ ಗಂಡುಕರುಗಳು. ಬೆಳಗಿನ ಕಾಫಿಗೆ ಹಾಲು ಹಾಕಿಕೊಳ್ಳುವ ನಾವು ಆ ಗಂಡುಕರು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಆಸ್ಟ್ರೇಲಿಯಾದ ಬಿಲ್ಲುಗಾರನು ನಮ್ಮನ್ನು ಹೀಗೆ ಪ್ರಶ್ನಿಸಿದರೆ ಅದು ಅಧಿಕಪ್ರಸಂಗವಲ್ಲ; ನಾನು ತಲೆದೂಗುತ್ತೇನೆ. ಅವನ ಕೋಣ ಬಾಣ ತಗಲುವ ಕ್ಷಣದವರೆಗೆ ಸ್ವತಂತ್ರವಾಗಿ ಬಾಳಿತು. ನಮ್ಮ ಕೊಟ್ಟಿಗೆಯ ಕರು ಹಾಗೆ ಬಾಳಲಿಲ್ಲ. ಆದರೆ ಇದರಿಂದ ಅವನ ಸಂಕಲ್ಪ ಶುದ್ಧವಾಗದು. ನಮ್ಮ ಪ್ರಮಾದ ಬಯಲಾಗುತ್ತದೆ, ಅಷ್ಟೆ. ಎರಡು ಖಾತೆಗಳ ಬಾಕಿಯನ್ನು ಒಂದಕ್ಕೊಂದು ವಜಾ ಮಾಡಲು ಬರುವುದಿಲ್ಲ.

ನಾನು ಈ ವಿಷಯದ ಬೆನ್ನುಹತ್ತಿದ್ದಕ್ಕೆ ನಿಮಿತ್ತವಾದವನು ಸಾಧರ್ಮಿ ಮಿತ್ರರೊಬ್ಬರ ಮಗ. ಆಸ್ಟ್ರೇಲಿಯಾದಲ್ಲಿ ನೆಲಸಿ ಒಬ್ಬ ಪಾಲುದಾರನೊಡನೆ ಲೆಕ್ಕಪತ್ರಗಳ ಕಚೇರಿಯನ್ನು ನಡೆಸುತ್ತಿದ್ದಾನೆ. ಅವರ ಗಿರಾಕಿಗಳಲ್ಲಿ ಕೋಣದ ಬೇಟೆಗೆ ಜನರನ್ನು ಕರೆದೊಯ್ಯುವ ಸಂಸ್ಥೆಯೂ ಒಂದು. ಮುಂಗಡ, ಶುಲ್ಕ, ಭೂಮಿಯ ಒಡೆಯರಿಗೆ ಸಲ್ಲುವ ಪಾಲು, ಇವೆಲ್ಲವನ್ನೂ ಬರೆದಿಡುವವನು ಈತ. ‘ನಾನು ಬಿಲ್ಲು ಮುಟ್ಟಿಲ್ಲ, ಮಾಂಸ ತಿಂದಿಲ್ಲ. ಅಂಕಿಗಳನ್ನು ಮಾತ್ರ ಬರೆಯುತ್ತೇನೆ. ಇದು ಕಾರಿತವೇ, ಅನುಮತವೇ, ಅಥವಾ ಏನೂ ಅಲ್ಲವೇ?’ ಎಂದು ನನಗೆ ಬರೆದು ಕೇಳಿದ್ದನು. ನಾನೂ ವಾಣಿಜ್ಯ ಓದಿದವನಾದ್ದರಿಂದ, ಮುನಿಗಳನ್ನು ಕೇಳಲು ಸಂಕೋಚಪಟ್ಟು ನನ್ನನ್ನು ಕೇಳಿದನೆಂದು ತೋರುತ್ತದೆ.

ನಾನು ಅವನಿಗೆ ಬರೆದದ್ದು ಇಷ್ಟು. ತೆರಿಗೆಯ ಲೆಕ್ಕವನ್ನು ಸತ್ಯವಾಗಿ ಬರೆಯುವುದರಲ್ಲಿ ಪಾಪವಿಲ್ಲ. ಸುಳ್ಳು ಬರೆಯುವುದಕ್ಕಿಂತ ಅದು ಮೇಲು. ಊರಿನ ಅಂಚೆಯವನು ಬೇಟೆಗಾರನ ಪತ್ರವನ್ನೂ ತಲುಪಿಸುತ್ತಾನೆ. ಅವನನ್ನು ಬೇಟೆಯ ಪಾಲುಗಾರನೆನ್ನಲಾಗದು. ಆದರೆ ಅಂಚೆಯವನು ಪತ್ರಗಳನ್ನು ಆರಿಸುವಂತಿಲ್ಲ. ನೀನು ಗಿರಾಕಿಗಳನ್ನು ಆರಿಸಬಲ್ಲೆ. ಆ ಸಂಸ್ಥೆಯ ಆದಾಯ ಹೆಚ್ಚಾಗುವ ಬಗೆಯನ್ನು ನೀನು ಎಂದಾದರೂ ಸೂಚಿಸಿದ್ದರೆ, ಯಾವ ತಿಂಗಳಲ್ಲಿ ಎಷ್ಟು ಜನರನ್ನು ಕರೆತಂದರೆ ಲಾಭವೆಂದು ಪಟ್ಟಿ ಮಾಡಿಕೊಟ್ಟಿದ್ದರೆ, ಅದು ಅಂಕಿಯಲ್ಲ, ಉಪದೇಶ. ಈ ವರ್ಷ ಬೇಟೆ ಚೆನ್ನಾಗಿ ನಡೆಯಿತೆಂದು ಕೇಳಿ ನಿನ್ನ ಶುಲ್ಕ ಖಂಡಿತವಾಗಿ ಬರುತ್ತದೆಂದು ಮನಸ್ಸಿನಲ್ಲಿ ಒಂದು ಗಳಿಗೆ ಹರ್ಷಪಟ್ಟಿದ್ದರೆ, ಅನುಮತ ಅಲ್ಲಿಯೇ ಆಗಿಹೋಯಿತು. ಅದು ಆಗಿದೆಯೋ ಇಲ್ಲವೋ ನಿನಗಲ್ಲದೆ ಬೇರೆಯವರಿಗೆ ತಿಳಿಯದು. ಮೂಲನಿವಾಸಿಗಳಿಗೆ ಸಲ್ಲುವ ಹಣದ ಬಗ್ಗೆ ನಿನಗಿರುವ ಕಾಳಜಿ ಸರಿಯಾದದ್ದೇ. ಅವರ ಸಂಘಗಳಿಗೂ ಲೆಕ್ಕಿಗರು ಬೇಕಾಗುತ್ತಾರೆ. ಆ ಕೆಲಸವನ್ನು ಕಡಿಮೆ ಶುಲ್ಕಕ್ಕೆ ಮಾಡಿಕೊಡು.

ಅಲ್ಲಿಯ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಆ ದಿನದ ಅನಂತರ ಸಂಸ್ಥೆಯ ಕೆಲಸವನ್ನು ತಾನು ಮುಟ್ಟುವುದಿಲ್ಲವೆಂದು ಆತ ಉತ್ತರಿಸಿದ್ದಾನೆ. ಆದರೆ ಪಾಲುದಾರನಿಗೆ ಅದನ್ನು ಬಿಡುವ ಮನಸ್ಸಿಲ್ಲ. ಅದು ಅವನ ಧರ್ಮಕ್ಕೆ ವಿರುದ್ಧವೂ ಅಲ್ಲ. ಕಚೇರಿಯ ಲಾಭದಲ್ಲಿ ಆ ಶುಲ್ಕವೂ ಬೆರೆತು ತನಗೆ ಬರುವುದಲ್ಲ ಎಂದು ಮತ್ತೆ ಕೇಳಿದ್ದಾನೆ. ಪಾಲುದಾರಿಕೆಯ ಪತ್ರದಲ್ಲಿ ಒಂದು ಕಲಮನ್ನು ಸೇರಿಸಿ, ಆ ಗಿರಾಕಿಯ ಆದಾಯವನ್ನೂ ಅದಕ್ಕೆ ತಗಲುವ ವೆಚ್ಚವನ್ನೂ ಬೇರೆ ಖಾತೆಯಲ್ಲಿರಿಸಿ, ಆ ಲಾಭ ಪೂರ್ತಿಯಾಗಿ ಪಾಲುದಾರನಿಗೇ ಸಲ್ಲುವಂತೆ ಮಾಡಿಕೊಳ್ಳಬಹುದೆಂದು ತಿಳಿಸಿದ್ದೇನೆ. ಕಚೇರಿಯ ಬಾಡಿಗೆಯಲ್ಲಿಯೂ ಗುಮಾಸ್ತರ ಸಂಬಳದಲ್ಲಿಯೂ ಆ ಹಣ ಸ್ವಲ್ಪಮಟ್ಟಿಗೆ ಬೆರೆಯುವುದನ್ನು ಹೇಗೆ ತಪ್ಪಿಸುವುದೆಂಬುದನ್ನು ಇಬ್ಬರೂ ಕುಳಿತು ಲೆಕ್ಕಹಾಕುತ್ತಿದ್ದಾರೆ.